ನಮ್ಮೂರಿನ ಬಗ್ಗೆ ಯೂನಿವರ್ಸಿಟಿ ಲೈಬ್ರರಿಲಿ ಹುಡುಕುದು ಹೇಗೆ

ಪ್ರಾಜೆಕ್ಟಿಗೆ ಕಾಸರಗೋಡಿನದ್ದೇ ವಿಷಯ ತಗೊಂಡವರು ಲೈಬ್ರರಿ ಕ್ಯಾಟಲಾಗಲ್ಲಿ ಕಾಸರಗೋಡು ಅಂತ ಹೊಡೆದು, ನಾಲ್ಕು ಪುಸ್ತಕ ಬಂದದ್ದು ನೋಡಿ, ಇಲ್ಲಿ ಎಂತದೂ ಇಲ್ಲ ಮಾರಾಯ್ರೆ ಅಂತ ಎದ್ದು ಬರ್ತಾರೆ. ನಾನೂ ಹಾಗೇ ಒಂದು ವಾರ ಹಾಳು ಮಾಡಿದವನೇ. ಉಂಟು, ಬೇರೆ ಹೆಸರಲ್ಲಿ ಉಂಟು.

1956 ನವೆಂಬರ್ 1ರ ವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ 1984ರಲ್ಲಿ ಕಾಸರಗೋಡು ಜಿಲ್ಲೆ ಆಗುವವರೆಗೆ ಕಣ್ಣೂರು ಜಿಲ್ಲೆಯವರು, ಹಾಗಾಗಿ ಹಳೇ ಭೂಮಿ, ಗೇಣಿ, ಶಾಲೆ ಎಂತದ್ದೇ ಹುಡುಕುದಾದ್ರೂ ಈ ಜಿಲ್ಲೆಗಳ ಹಳೇ ಇಂಗ್ಲಿಷ್ ಹೆಸರು ಸೌತ್ ಕೆನರಾ, ಕ್ಯಾನನೂರ್ ಎರಡೂ ಹೊಡೀಬೇಕು. ಇನ್ನೂ ಹಿಂದಿನದ್ದಾದ್ರೆ ಬರೀ ಕೆನರಾ. ಸ್ಪೆಲ್ಲಿಂಗ್ ಬೇರೆಯೇ ತಲೆನೋವು. ಇಂಗ್ಲಿಷಲ್ಲಿ ಕಾಸರಗೋಡಿಗೆ ಆರ್ ಆದ್ಮೇಲೆ ಎ ಹಾಕಿದವರುಂಟು, ಬಿಟ್ಟವರುಂಟು, ಕೊನೆಗೊಂದು ಇ ಅಂಟಿಸಿದವರೂ ಉಂಟು, ಕಂಪ್ಯೂಟರಿಗೆ ಇದು ಮೂರೂ ಬೇರೆ ಬೇರೆ ಊರು! ಕುಂಬ್ಳೆ ಕುಂಬಳ ಆಗಿರ್ತದೆ, ಮಂಜೇಶ್ವರಕ್ಕೆ ಬಾಲ ಬಂದು ಮಂಜೇಶ್ವರಂ ಆಗಿರ್ತದೆ, ಬೇಜಾರಾದ್ರೂ ಎಲ್ಲ ಹಾಕಿ ನೋಡಿ.

ಒಂದು ಒಳ್ಳೆ ಪುಸ್ತಕ ಸಿಕ್ಕಿದ್ರೆ ಕ್ಯಾಟಲಾಗಲ್ಲಿ ಅದರ ಸಬ್ಜೆಕ್ಟ್ ಹೆಡಿಂಗ್, ಅಂದ್ರೆ ಲೈಬ್ರರಿಯವರು ಕೊಟ್ಟ ವಿಷಯದ ಹೆಸರಿನ ಮೇಲೆ ಕ್ಲಿಕ್ ಮಾಡಿ, ಅದರ ಜಾತಿಯದ್ದೆಲ್ಲ ಒಟ್ಟಿಗೆ ಬರ್ತದೆ. ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸ್ಲಿಕ್ಕೆ ಡ್ಯೂಯಿ ನಂಬರ್ ಇಡುವ ಲೈಬ್ರರಿಲಿ ಕನ್ನಡ ಭಾಷೆ 494.814, ಕನ್ನಡ ಸಾಹಿತ್ಯ 894.814. ಜಾನಪದ ಮಾತ್ರ ದೂರ 398ರಲ್ಲಿ ಕೂತಿರ್ತದೆ, ಯಕ್ಷಗಾನ ಇನ್ನೆಲ್ಲೋ.

ಥೀಸಿಸ್ ಬೇಕಾದ್ರೆ ಶೋಧಗಂಗಾ, ನಮ್ಮ ದೇಶದ ಯೂನಿವರ್ಸಿಟಿಗಳ ಪಿಎಚ್‌ಡಿ ಥೀಸಿಸ್ ಹಾಕುವ ವೆಬ್‌ಸೈಟ್, ಫ್ರೀ, ಲಾಗಿನ್ ಬೇಡ. ಅಧ್ಯಾಯಗಳು ಬೇರೆ ಬೇರೆ ಪಿಡಿಎಫ್ ಆಗಿರ್ತವೆ, ಎಲ್ಲರೂ ಮೊದಲನೇದು ತೆರೀತಾರೆ, ನಾನು ಕೊನೇದರಿಂದ ಶುರು ಮಾಡುದು, ಯಾಕಂದ್ರೆ ಗ್ರಂಥಸೂಚಿ ಅಲ್ಲಿರ್ತದೆ, ಬೇರೆಯವರು ಐದು ವರ್ಷ ಅಲೆದು ಹುಡುಕಿದ್ದು ನಿಮಗೆ ಐದು ನಿಮಿಷದಲ್ಲಿ ಸಿಗ್ತದೆ. ಹಳೇ ಥೀಸಿಸ್ ಅಲ್ಲಿ ಇಲ್ಲದಿದ್ರೆ ಲೈಬ್ರರಿಯಲ್ಲೇ ಕೇಳ್ಬೇಕು. ಮಂಗಳೂರು ವಿವಿ ಆದದ್ದು 1980ರಲ್ಲಿ, ಅದಕ್ಕಿಂತ ಮೊದಲು ಅದರ ಕ್ಯಾಂಪಸ್ ಇರುವ ಕೊಣಾಜೆ ಮೈಸೂರು ವಿವಿಯ ಸೆಂಟರ್, ಹಾಗಾಗಿ ಆ ಕಾಲದ್ದನ್ನು ಮೈಸೂರಲ್ಲಿ ವಿಚಾರಿಸಿ.

ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಗೋ ಕೊಣಾಜೆಗೋ ಹೊರಗಿನವರಾಗಿ ಹೋಗುದಾದ್ರೆ ಗೈಡಿನದ್ದೋ ಪ್ರಿನ್ಸಿಪಾಲರದ್ದೋ ಲೆಟರ್, ಐಡಿ ಕಾರ್ಡ್ ಹಿಡ್ಕೊಳ್ಳಿ, ಮೊದಲು ಫೋನ್ ಮಾಡಿ ಕೇಳಿ. ಲೆಟರ್ ಮರೆತು ತಲಪಾಡಿ ದಾಟಿ, ತೊಕ್ಕೊಟ್ಟಲ್ಲಿ ಬಸ್ ಬದಲಾಯಿಸಿ ಹೋಗಿ, ಗೇಟಿಂದಲೇ ವಾಪಸ್ ಬಂದ ನನ್ನ ಕಥೆ ಹೇಳಿ ಸುಖ ಇಲ್ಲ. ಪುಸ್ತಕ ಯಾವ ಕಪಾಟಲ್ಲಿ ಉಂಟು ಅಂತ ಹೇಳುವ ಕಾಲ್ ನಂಬರ್ ಚೀಟಿಲಿ ಬರ್ಕೊಂಡು ಹೋಗಿ, ಕಪಾಟಿನ ಹತ್ರ ನಿಂತ ಮೇಲೆ ಅಕ್ಕಪಕ್ಕದ ಹತ್ತು ಪುಸ್ತಕವನ್ನೂ ಎಳೆದು ನೋಡಿ.