ಎರಡು ಕುರ್ಚಿಗೆ ಎಷ್ಟು ಜನ ಬೇಕು?

ವಿಮಾನ ಸಂಚಾರ ನಿಯಂತ್ರಣ ಕೇಂದ್ರದ ರಾಡಾರ್ ಕೋಣೆಯ ಡ್ಯೂಟಿ ಪಟ್ಟಿಗೆ ಹೆಸರು ತುಂಬುವ ಮೊದಲೇ ನಾನು ಲೆಕ್ಕ ಮುಗಿಸಿಕೊಂಡಿರುತ್ತೇನೆ. ಒಂದು ಸೆಕ್ಟರ್‌ಗೆ, ಅಂದರೆ ಪಾಲು ಮಾಡಿಕೊಂಡ ಆಕಾಶದ ಒಂದು ತುಂಡಿಗೆ, ಎರಡು ಕುರ್ಚಿ: ವಿಮಾನಗಳ ಜೊತೆ ಮಾತಾಡುವ ಎಕ್ಸಿಕ್ಯುಟಿವ್, ಅಕ್ಕಪಕ್ಕದ ಸೆಕ್ಟರ್‌ಗಳ ಜೊತೆ ಹೊಂದಿಸುವ ಪ್ಲ್ಯಾನರ್. ಹುದ್ದೆ ಮಂಜೂರು ಮಾಡುವವರ ಲೆಕ್ಕ ಸರಳ: 2 ಕುರ್ಚಿ, 3 ಪಾಳಿ, 365 ದಿನ ಸೇರಿ 2190 ಪಾಳಿ, ಒಬ್ಬರು ವರ್ಷಕ್ಕೆ 260 ದಿನ ಬರುತ್ತಾರೆ, ಭಾಗಿಸಿದರೆ 8.4. ಒಂಬತ್ತು ಜನ ಸಾಕು ಅನ್ನುತ್ತಾರೆ.

ನಾನು ಆ 260ರಿಂದ ಗಳಿಕೆ ರಜೆ 30, ಸಾರ್ವತ್ರಿಕ ರಜೆ 10, ಅನಾರೋಗ್ಯಕ್ಕೆ 8, ಸಿಮ್ಯುಲೇಟರ್, ವೈದ್ಯಕೀಯ ತಪಾಸಣೆ ಮತ್ತು ಪರವಾನಗಿ ಪರೀಕ್ಷೆಗೆ 12 ಕಳೆಯುತ್ತೇನೆ. ಉಳಿಯುವುದು 200. ಬಿಡುವು ಕೊಡಲು ಪ್ರತಿ ಪಾಳಿಗೂ ಮೂರನೆಯವರು ಬೇಕು, ಅಲ್ಲಿಗೆ 3285 ಪಾಳಿ. ಭಾಗಿಸಿದರೆ 16.4, ಅಂದರೆ ಹದಿನೇಳು ಜನ. ರಜೆಯ ಅಂಕಿ ಊರೂರಿಗೆ ಬೇರೆಯಾಗಬಹುದು, ಆದರೆ ಅಂತರ ಸುಮಾರು ಇಷ್ಟೇ. ಇಲ್ಲದ ಆ ಎಂಟು ಜನರ ಕೆಲಸ ಓವರ್‌ಟೈಮ್ ಆಗಿ, ರದ್ದಾದ ರಜೆಯಾಗಿ, ಒಬ್ಬರೇ ಕೂರುವ ರಾತ್ರಿಪಾಳಿಯಾಗಿ ಪಟ್ಟಿಯೊಳಗೆ ಬಂದೇ ಬರುತ್ತದೆ.

ಮೂವರಿದ್ದರೆ ಸುತ್ತು ಹೀಗೆ: 45 ನಿಮಿಷ ಪ್ಲ್ಯಾನರ್, 45 ನಿಮಿಷ ಎಕ್ಸಿಕ್ಯುಟಿವ್, 45 ನಿಮಿಷ ಬಿಡುವು. ಈ ಕ್ರಮವನ್ನು ತಿರುಗಿಸಬಾರದು. ಬಿಡುವಿನಿಂದ ಬಂದವರು ಮೊದಲು ಪ್ಲ್ಯಾನರ್ ಕುರ್ಚಿಯಲ್ಲಿ ಕೂತರೆ, ಮೈಕ್ ಕೈಗೆ ಬರುವ ಹೊತ್ತಿಗೆ ಇಡೀ ಟ್ರಾಫಿಕ್ಕಿನ ಚಿತ್ರ ತಲೆಯಲ್ಲಿ ಕೂತಿರುತ್ತದೆ. ಎರಡೂ ಕುರ್ಚಿಯಲ್ಲಿ ಏಕಕಾಲಕ್ಕೆ ಹೊಸಬರು ಬರುವ ಸಂದರ್ಭವೇ ಹುಟ್ಟುವುದಿಲ್ಲ. ಎರಡು ಗಂಟೆ ಕೂತರೆ ಅರ್ಧ ಗಂಟೆ ಬಿಡುವು ಎಂಬ ಬ್ರಿಟನ್ನಿನ ಮಿತಿಗಿಂತ ಇದು ಬಿಗಿ. ಇಷ್ಟು ಬಿಗಿ ಯಾಕೆಂದರೆ, 480 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದ ಎರಡು ವಿಮಾನ ಎದುರುಬದುರಾದರೆ ನಿಮಿಷಕ್ಕೆ 16 ನಾಟಿಕಲ್ ಮೈಲಿ ಹತ್ತಿರವಾಗುತ್ತವೆ. ನಾವು ಕಾಯುವ 5 ಮೈಲಿ ಅಂತರ 19 ಸೆಕೆಂಡಿನಲ್ಲಿ ಕರಗುತ್ತದೆ. ಒಂದು ತೂಕಡಿಕೆಗೆ ಅಷ್ಟು ಹೊತ್ತು ಧಾರಾಳ.

ಹ್ಯಾಂಡೋವರ್, ಅಂದರೆ ಕುರ್ಚಿ ಒಪ್ಪಿಸಿಕೊಡುವ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬರುವವರು ಹೆಡ್‌ಸೆಟ್ ಸಿಕ್ಕಿಸಿಕೊಂಡು ಮೊದಲು ಮೂರ್ನಾಲ್ಕು ನಿಮಿಷ ಸುಮ್ಮನೆ ಕೇಳಬೇಕು. ಆಮೇಲೆ ಏಳುವವರು ಹ್ಯಾಂಡೋವರ್ ಪಟ್ಟಿ ನೋಡಿ ಓದಬೇಕು, ನೆನಪಿನಿಂದ ಹೇಳುವಂತಿಲ್ಲ: ಗಾಳಿಯೊತ್ತಡದ ಸೆಟ್ಟಿಂಗ್, ಹವಾಮಾನ, ಕೆಟ್ಟಿರುವ ಉಪಕರಣ, ಚಾಲ್ತಿಯಲ್ಲಿರುವ ನಿರ್ಬಂಧಿತ ವಲಯ, ಪಕ್ಕದ ಸೆಕ್ಟರ್‌ಗೆ ಕೊಟ್ಟ ಮಾತು, ಕೊನೆಗೆ ಒಂದೊಂದೇ ವಿಮಾನ. ತಪ್ಪಿ ಹೋಗುವುದು ಹೆಚ್ಚಾಗಿ ಆ ‘ಕೊಟ್ಟ ಮಾತು’. ಅದು ಪರದೆಯ ಮೇಲೆ ಕಾಣುವುದಿಲ್ಲ. ಎರಡು ವಿಮಾನಗಳ ಗಂಟು ಇನ್ನೂ ಬಿಡಿಸಿಲ್ಲವಾದರೆ ಹ್ಯಾಂಡೋವರ್ ಮುಂದೂಡಬೇಕು. ಎದ್ದವರು ಇನ್ನೈದು ನಿಮಿಷ ಹಿಂದೆ ನಿಂತಿರಬೇಕು, ಏಕೆಂದರೆ ಕುರ್ಚಿ ಬದಲಾದ ಮೊದಲ ಹತ್ತು ಹದಿನೈದು ನಿಮಿಷವೇ ಅಪಾಯದ್ದು.

ಪಾಳಿ ಮುಂದಕ್ಕೆ ಸರಿಯಬೇಕು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಇದಕ್ಕೆ ಮೊದಲ ವಿರೋಧ ಬರುವುದು ನಮ್ಮವರಿಂದಲೇ. ಅಮೆರಿಕದಲ್ಲಿ ಬಹುಕಾಲ ನಡೆದ 2-2-1 ಪದ್ಧತಿಯಲ್ಲಿ ಎರಡು ಮಧ್ಯಾಹ್ನ, ಎರಡು ಬೆಳಗ್ಗೆ, ಕೊನೆಯ ಬೆಳಗಿನ ಪಾಳಿ ಮುಗಿದು ಎಂಟೇ ಗಂಟೆಯಲ್ಲಿ ರಾತ್ರಿಪಾಳಿ. 40 ಗಂಟೆಯ ಕೆಲಸ 88 ಗಂಟೆಯೊಳಗೆ ಮುಗಿದು 80 ಗಂಟೆ ರಜೆ ಸಿಗುತ್ತದೆ, ಯಾರಿಗೆ ಬೇಡ? ಆದರೆ ಐದನೇ ಪಾಳಿಯ ನಸುಕಿನಲ್ಲಿ ಆ ಮನುಷ್ಯ ಎಚ್ಚರವಾಗಿದ್ದಾನೆ ಎಂದು ನಂಬಲು ನಾನು ತಯಾರಿಲ್ಲ. ಅಲ್ಲಿನ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ಪಾಳಿಗಳ ನಡುವಿನ ವಿರಾಮವನ್ನು 2011ರಲ್ಲಿ 8ರಿಂದ 9 ಗಂಟೆಗೆ, 2024ರಲ್ಲಿ 10ಕ್ಕೆ ಏರಿಸಿತು. ರಾತ್ರಿಪಾಳಿಯ ಹಿಂದೆಮುಂದೆ 12 ಗಂಟೆ ಎಂದಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅನುಬಂಧ 11ರ ಪ್ರಕಾರ 2020ರ ನವೆಂಬರಿನಿಂದ ದೇಶಗಳು ಈ ಮಿತಿಗಳನ್ನು ಬರೆದಿಡಲೇಬೇಕು. ಎಷ್ಟು ಗಂಟೆ ಎನ್ನುವುದನ್ನು ಮಾತ್ರ ಆಯಾ ದೇಶಕ್ಕೇ ಬಿಟ್ಟಿದೆ, ಚೌಕಾಸಿ ಶುರುವಾಗುವುದು ಅಲ್ಲಿಂದ.

ರಾತ್ರಿ ಟ್ರಾಫಿಕ್ ಕಡಿಮೆ, ಒಬ್ಬರೇ ಸಾಕು ಅನ್ನುವವರಿಗೆ 2002ರ ಜುಲೈ 1ರಂದು ಜರ್ಮನಿಯ ಊಬರ್ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿಯಾದದ್ದನ್ನು ನೆನಪಿಸುತ್ತೇನೆ. ಆ ಆಕಾಶ ನೋಡಿಕೊಳ್ಳುತ್ತಿದ್ದ ಜ್ಯೂರಿಕ್ ಕೇಂದ್ರದಲ್ಲಿ ಇಬ್ಬರಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ಆ ರೂಢಿ ಆಡಳಿತಕ್ಕೆ ಗೊತ್ತಿತ್ತು, ಸಹಿಸಿಕೊಂಡಿತ್ತು. ಉಳಿದವರು ಎರಡು ಪರದೆಗಳ ನಡುವೆ ಓಡಾಡುತ್ತಿದ್ದರು. ದುರಸ್ತಿಗೆಂದು ಮುಖ್ಯ ಫೋನ್ ಬಂದ್, ಡಿಕ್ಕಿ ಎಚ್ಚರಿಕೆ ಪರದೆಯಲ್ಲಿ ಮೂಡುತ್ತಿರಲಿಲ್ಲ. 71 ಜನ ಸತ್ತರು. ರಾತ್ರಿ ಮಲಗುವುದು ತಪ್ಪೆಂದು ನಾನು ಹೇಳುವುದಿಲ್ಲ. ಮಲಗುವವರನ್ನು ಪಟ್ಟಿಯಲ್ಲೇ ತೋರಿಸಬೇಕು, ಅವರನ್ನು ಬಿಟ್ಟು ಇಬ್ಬರು ಕುರ್ಚಿಯಲ್ಲಿರಬೇಕು. ಅರ್ಧ ಗಂಟೆಯೊಳಗೆ ಎಬ್ಬಿಸಬೇಕು, ಎದ್ದ ಮೇಲೆ ಇಪ್ಪತ್ತು ನಿಮಿಷ ಮೈಕ್ ಮುಟ್ಟಿಸಬಾರದು. ದುರಸ್ತಿ ಕೆಲಸವನ್ನು ಅದೇ ರಾತ್ರಿ ಒಪ್ಪಿಕೊಳ್ಳಬೇಕಾದರೆ ನಾಲ್ಕನೆಯವರನ್ನು ಕೇಳುತ್ತೇನೆ.

ಜನ ಕೇಳಿದ ಕೂಡಲೇ ಸಿಗುವುದಿಲ್ಲ. ಪರವಾನಗಿ ಆಯಾ ಘಟಕಕ್ಕೆ, ಆಯಾ ಸೆಕ್ಟರ್‌ಗೆ ಕಟ್ಟುಬಿದ್ದದ್ದು. ಒಂದು ಊರಿನ ಪರಿಣತರು ಇನ್ನೊಂದು ಊರಲ್ಲಿ ಮತ್ತೆ ಕಲಿಯಬೇಕು. ದೊಡ್ಡ ಘಟಕಗಳಲ್ಲಿ ಎರಡು ಮೂರು ವರ್ಷ ಹಿಡಿಯುತ್ತದೆ. 1981ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಮುಷ್ಕರನಿರತ 11,345 ಕಂಟ್ರೋಲರ್‌ಗಳನ್ನು ಒಟ್ಟಿಗೆ ವಜಾ ಮಾಡಿದರು. ಅವರ ಬದಲು ಒಟ್ಟಿಗೆ ನೇಮಕವಾದವರು 25 ವರ್ಷದ ನಂತರ ಒಟ್ಟಿಗೇ ನಿವೃತ್ತಿಗೆ ಬಂದರು. ನೇಮಕಾತಿ ನಿಲ್ಲಿಸುವ ಸರ್ಕಾರಕ್ಕೂ ಅದರ ಫಲ ಉಣ್ಣುವ ಸರ್ಕಾರಕ್ಕೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ.

ಹಾಗಾಗಿ ಜನ ಕಡಿಮೆ ಬಿದ್ದ ದಿನ ನನ್ನ ಕೈಯಲ್ಲಿ ಉಳಿಯುವ ಹತೋಟಿ ಒಂದೇ, ಒಳಬರುವ ವಿಮಾನಗಳ ಸಂಖ್ಯೆ. ಸೆಕ್ಟರ್‌ಗಳನ್ನು ಕೂಡಿಸಿದರೆ ಕುರ್ಚಿ ಉಳಿಯುತ್ತದೆ, ಆದರೆ ಎರಡು ತರಂಗಾಂತರ ಒಂದೇ ಕಿವಿಗೆ ಬಂದು ಪೈಲಟ್‌ಗಳ ಮಾತು ಒಂದರ ಮೇಲೊಂದು ಬೀಳುತ್ತದೆ. 2025ರ ಜನವರಿ 29ರಂದು ವಾಷಿಂಗ್ಟನ್ ಬಳಿ 67 ಜನ ಸತ್ತ ಡಿಕ್ಕಿಯ ಹೊತ್ತಿಗೂ ಟವರ್‌ನಲ್ಲಿ ಹೆಲಿಕಾಪ್ಟರ್ ಕುರ್ಚಿಯನ್ನು ವಿಮಾನಗಳ ಕುರ್ಚಿಯೊಂದಿಗೆ ಕೂಡಿಸಲಾಗಿತ್ತು. ಕೂಡಿಸುವುದಾದರೆ ಮೊದಲು ವಿಮಾನಗಳ ಹರಿವು ಹತೋಟಿ ಮಾಡುವ ಫ್ಲೋ ವಿಭಾಗಕ್ಕೆ ಗಂಟೆಗೆ ಎಷ್ಟು ವಿಮಾನ ಎಂಬ ಹೊಸ ಮಿತಿ ಲಿಖಿತವಾಗಿ ಹೋಗಬೇಕು, ಪಾಳಿಗೆ ಎರಡು ಗಂಟೆ ಮುಂಚೆಯೇ. ತಡವಾದರೆ ವಿಮಾನಗಳು ಆಗಲೇ ಹಾರಿರುತ್ತವೆ, ಆಕಾಶದಲ್ಲಿ ಸುತ್ತು ಹಾಕಿಸುವುದೇ ಇನ್ನೊಂದು ಹೊರೆ. ಲಾಗ್‌ನಲ್ಲಿ ‘ಸಿಬ್ಬಂದಿ ಕೊರತೆ’ ಎಂದಷ್ಟೇ ಗೀಚದೆ, ಬೇಕಿದ್ದವರು ಎಷ್ಟು, ಇದ್ದವರು ಎಷ್ಟು, ಯಾವ ಕುರ್ಚಿ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕೂಡಿತ್ತು, ಮಿತಿ ಇಳಿಸಲು ಕೇಳಿದಾಗ ಬಂದ ಉತ್ತರವೇನು ಎಂದು ಸಮಯಸಹಿತ ಬರೆಯಿರಿ. ಮುಂದಿನ ಹುದ್ದೆ ಮಂಜೂರಾತಿಯ ಸಭೆಗೆ ಒಯ್ಯಲು ಅದಕ್ಕಿಂತ ಗಟ್ಟಿ ಕಾಗದ ಸಿಗುವುದಿಲ್ಲ.