ಕತ್ತರಿಸಿ ಬಿಸಾಕುವ ಕಿನಾರಿನಿಂದ ಒಂದು ಕೌದಿ

ನಾನು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆಯಲ್ಲೇ ಬ್ಲೌಸು, ಫಾಲ್-ಪಿಕೋ, ಪರದೆ ಹೊಲಿಯುವವಳು. ತವರು ಗದಗ. ಮದುವೆಯಾಗಿ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಇಷ್ಟು ವರ್ಷ ಕತ್ತರಿ ಆಡಿಸಿದ ಮನೆಯಲ್ಲಿ ಮಂಚದ ಕೆಳಗೆ ಏನಿರುತ್ತದೆ ಹೇಳಿ? ಚಿಂದಿ ಚೀಲ. ನಮ್ಮಲ್ಲಿ ಮೂರಿದ್ದವು. ಅದರಲ್ಲಿ ಒಂದರ ತುಂಬ ಬರೀ ಕಿನಾರು.

ಕಿನಾರು ಅಂದರೆ ಬಟ್ಟೆಯ ಥಾನಿನ ಎರಡೂ ಬದಿಗೆ ಉದ್ದಕ್ಕೆ ಓಡುವ ಗಟ್ಟಿ ಅಂಚು. ಹೊಲಿಗೆ ಪುಸ್ತಕಗಳಲ್ಲಿ ಸೆಲ್ವೇಜ್ ಅಂತ ಬರೆದಿರುತ್ತಾರೆ. ಮಿಲ್ಲಿನ ಹೆಸರು, ‘ನೂರು ಪರ್ಸೆಂಟ್ ಕಾಟನ್’ ಅನ್ನುವ ಅಚ್ಚು, ಸಾಲು ಸಾಲು ಸೂಜಿ ತೂತು ಎಲ್ಲಾ ಇರುವುದು ಅದರ ಮೇಲೆಯೇ. ಹೊಲಿಗೆ ಕ್ಲಾಸಿನ ಮೊದಲ ವಾರವೇ ಹೇಳಿಕೊಡುತ್ತಾರೆ, ಕಿನಾರು ತೆಗೆದು ಆಮೇಲೆ ಬಟ್ಟೆ ಕತ್ತರಿಸು ಅಂತ. ಅದು ಸರಿಯೇ. ಕಿನಾರಿನ ನೇಯ್ಗೆ ಬಿಗಿ. ಒಗೆದಾಗ ಅದು ಒಂದು ರೀತಿ ಕುಗ್ಗುತ್ತದೆ, ಪಕ್ಕದ ಬಟ್ಟೆ ಇನ್ನೊಂದು ರೀತಿ. ಬ್ಲೌಸಿನ ಪಕ್ಕದ ಹೊಲಿಗೆಯಲ್ಲಿ ಅದನ್ನು ಬಿಟ್ಟರೆ ಎರಡನೇ ಒಗೆತಕ್ಕೆ ಸುಕ್ಕು ಹಿಡಿದು ಎಳೆಯುತ್ತದೆ. ಹಾಗಾಗಿ ನಾನೂ ಕತ್ತರಿಸುತ್ತಿದ್ದೆ. ಆದರೆ ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಸುಮ್ನೆ ಚೀಲಕ್ಕೆ ತುಂಬುತ್ತಿದ್ದೆ.

ಈ ಚೀಲ ಬಿಚ್ಚಿಸಿದವರು ನಮ್ಮ ಕೆಳಗಿನ ಮನೆಯ ಕಾಕಾ. ಅಕ್ಕಲಕೋಟೆ ಕಡೆಯವರು. ಮುಂಬಯಿಯ ಲಾಲಬಾಗಿನ ಒಂದು ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದವರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಕರೆಗೆ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಕೆಲಸ ನಿಲ್ಲಿಸಿದರಲ್ಲ, ಅವತ್ತು ಮಗ್ಗದಿಂದ ಕೆಳಗಿಳಿದ ಕಾಕಾ ಮತ್ತೆ ಹತ್ತಲಿಲ್ಲ. ಆಮೇಲೆ ಇಲ್ಲಿ ಬಂದು ಕಿರಾಣಿ ಅಂಗಡಿ ಇಟ್ಟುಕೊಂಡರು. ಒಂದು ದಿನ ಪ್ಯಾಂಟಿನ ಜಿಪ್ ಹಾಕಿಸಲು ಬಂದವರು ನೆಲದ ಮೇಲೆ ಬಿದ್ದಿದ್ದ ಪಟ್ಟಿಯೊಂದನ್ನು ಎತ್ತಿಕೊಂಡರು. ಕಣ್ಣಿಗೆ ಹತ್ತಿರ ಹಿಡಿಯಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು, ರಂಗೋಲಿ ಪುಡಿ ಬಿಡುವ ಹಾಗೆ ಮೆಲ್ಲಗೆ ಉಜ್ಜಿದರು.

‘ಇದು ಲಾಳಿ ಮಗ್ಗದ್ದು’ ಅಂದರು. ಇನ್ನೊಂದು ಎತ್ತಿದರು. ‘ಇದು ಲಾಳಿ ಇಲ್ಲದ ಮಷೀನಿಂದು. ನೋಡವಾ, ಮೀಸಿ ಬಿಟ್ಟೈತಿ.’

ನಿಜ, ಆ ಪಟ್ಟಿಯ ಅಂಚಿಗೆ ಕಾಲಿಂಚಿನಷ್ಟು ನೂಲಿನ ಮೀಸೆ ಇತ್ತು. ನಾನು ಇಷ್ಟು ವರ್ಷ ನೋಡಿದ್ದೆ, ಯಾಕೆ ಅಂತ ಕೇಳಿಕೊಂಡಿರಲಿಲ್ಲ. ಕಾಕಾ ನನ್ನ ಟೇಪನ್ನೇ ಲಾಳಿ ಮಾಡಿಕೊಂಡು ತೋರಿಸಿದರು. ಉದ್ದಕ್ಕೆ ಇರುವುದು ಹಾಸು, ಅಡ್ಡಕ್ಕೆ ಬರುವುದು ಹೊಕ್ಕು. ಲಾಳಿ ಹೊಕ್ಕಿನ ನೂಲು ಹೊತ್ತು ಆಚೆ ದಡಕ್ಕೆ ಹೋಗಿ, ತಿರುಗಿ ಈಚೆ ದಡಕ್ಕೆ ಬರುತ್ತದೆ. ಹೀಗೆ ತಿರುಗುವ ಜಾಗವೇ ಕಿನಾರು. ಅಲ್ಲಿ ನೂಲಿಗೆ ತುದಿಯೇ ಇಲ್ಲ, ಬಿಚ್ಚಿಕೊಳ್ಳುವುದು ಹೇಗೆ? ಈಗಿನ ರೇಪಿಯರ್, ಏರ್‌ಜೆಟ್ ಮಗ್ಗಗಳಲ್ಲಿ ಲಾಳಿ ಇಲ್ಲ. ಪ್ರತಿ ಎಳೆಯನ್ನೂ ದಡದಲ್ಲಿ ಕತ್ತರಿಸುತ್ತಾರೆ. ಅಂಚಿನ ಒಂದೆರಡು ಹಾಸಿನ ನೂಲು ತಿರುಚಿ ಆ ತುದಿಗಳನ್ನು ಬಿಗಿ ಹಿಡಿಯುತ್ತವೆ. ಕತ್ತರಿಸಿದ ತುದಿ ಮೀಸೆಯಾಗಿ ಉಳಿಯುತ್ತದೆ. ಅದೂ ಸುಲಭಕ್ಕೆ ಬಿಚ್ಚುವುದಿಲ್ಲ.

ಹೋಗುವಾಗ ಕಾಕಾ ಅಂದದ್ದು ಇಷ್ಟೇ: ‘ನೀ ಪಿಕೋ ಮಾಡೋದು ಬಿಚ್ಚಬಾರದು ಅಂತಲ್ಲ? ಇದಕ್ಕ ಮಗ್ಗನ ಪಿಕೋ ಮಾಡಿ ಕೊಟ್ಟೈತಿ. ಚೆಲ್ಲತೀ ಯಾಕ?’

ಅಲ್ವಾ! ಮಡಚುವ ಕೆಲಸ ಇಲ್ಲದ ಅಂಚು ಅದು. ಕೌದಿಗೆ ತುಂಡು ಹಚ್ಚುವಾಗ ಎಲ್ಲಕ್ಕಿಂತ ಬೇಸರದ ಕೆಲಸ ಅಂದರೆ ಅಂಚು ಒಳಗೆ ಮಡಚುವುದು. ಇಲ್ಲಿ ಆ ಕೆಲಸವೇ ಇಲ್ಲ. ಕಿನಾರನ್ನು ಒಳಗೆ ಮುಚ್ಚಿಡುವ ಬದಲು ಮೇಲೆ ತಂದು, ಅದರ ಕೆಳಗೆ ಇನ್ನೊಂದರ ಹಸಿ ಅಂಚನ್ನು, ಅಂದರೆ ಕತ್ತರಿಸಿದ ಬದಿಯನ್ನು, ಮುಚ್ಚಬೇಕು. ಮುಂದೆ ನಾನು ಮಾಡಿದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲು ಮಾಡಿದ್ದು ಕೌದಿ ಅಲ್ಲ, ಮಸಿಅರಿವೆ. ಒಲೆ ಮೇಲಿನ ಬಿಸಿ ಪಾತ್ರೆ ಹಿಡಿಯುವುದಕ್ಕೆ. ಎರಡೇ ದಿನಕ್ಕೆ ಅದು ಕುಕ್ಕರಿನ ಹಿಡಿಗೆ ಅಂಟಿಕೊಂಡಿತು. ಎರಡು ಪಟ್ಟಿ ಪಾಲಿಯೆಸ್ಟರ್ ಸೇರಿಬಿಟ್ಟಿದ್ದವು. ಅಂದಿನಿಂದ ಅನುಮಾನ ಬಂದ ಪಟ್ಟಿಯ ತುದಿಯ ಎರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತ ಟೆರಿಕಾಟಿನಲ್ಲಿ ಅದೂ ಸ್ವಲ್ಪ, ಇದೂ ಸ್ವಲ್ಪ. ಕಿನಾರಿನ ಮೇಲೆ ಕಾಟನ್ ಅಂತ ಅಚ್ಚಾಗಿದ್ದರೂ ನಾನು ಒಮ್ಮೆ ಸುಟ್ಟೇ ನೋಡುವವಳು. ಸ್ಟೇಷನ್ ಹತ್ತಿರದ ಒಂದು ಅಂಗಡಿಯವರು ಶುದ್ಧ ಹತ್ತಿ ಅಂತ ಆಣೆ ಮಾಡಿ ಕೊಟ್ಟ ಅಸ್ತರಿನ ಬಟ್ಟೆ ನನ್ನ ಇಸ್ತ್ರಿಪೆಟ್ಟಿಗೆಗೆ ಹೇಗೆ ಹತ್ತಿಕೊಂಡಿತು ಅಂತ ನನಗೇ ಗೊತ್ತು.

ಎರಡನೇ ತಪ್ಪು ಜಾಸ್ತಿ ದುಬಾರಿಯಾಯಿತು. ದಿಂಬಿನ ಕವರು ಹೊಲಿದೆ, ಚೆನ್ನಾಗಿಯೇ ಬಂತು. ಒಗೆದು ಒಣಹಾಕಿದರೆ ಸಂಡಿಗೆ ಕರಿದ ಹಾಗೆ ಮುದುಡಿತ್ತು. ಕಿನಾರು ಕುಗ್ಗುತ್ತದೆ ಅಂತ ಗಿರಾಕಿಗಳಿಗೆ ಹೇಳುವವಳು ನಾನೇ, ನನಗೇ ನೆನಪಿರಲಿಲ್ಲ! ಈಗ ಪಟ್ಟಿಗಳನ್ನು ಹೊಲಿಯುವ ಮೊದಲೇ ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ ಒಗೆಯುತ್ತೇನೆ. ಹಳೇ ದಿಂಬಿನ ಕವರಿನಲ್ಲಿ ತುಂಬಿ, ಬಾಯಿ ಕಟ್ಟಿ ಮಷೀನಿಗೆ ಹಾಕಬೇಕು. ಹಾಗೇ ಹಾಕಿದರೆ ಶ್ಯಾವಿಗೆ ಗಂಟಾಗಿ ಹೊರಗೆ ಬರುತ್ತದೆ, ಬಿಡಿಸಲು ಒಂದು ಮಧ್ಯಾಹ್ನ ಬೇಕು. ಬಣ್ಣ ಬಿಡುವ ಪಟ್ಟಿಗಳೂ ಆ ನೀರಿನಲ್ಲೇ ಸಿಕ್ಕಿಬೀಳುತ್ತವೆ. ಅವನ್ನು ಬೇರೆ ಇಡುತ್ತೇನೆ. ಹಳೇ ಮಿಲ್ ಬಟ್ಟೆಯ ಅಂಚಲ್ಲಿ ‘ಸ್ಯಾನ್‌ಫರೈಸ್ಡ್’ ಅಂತ ಅಚ್ಚಿರುತ್ತದೆ. ಅದು ಮಿಲ್ಲಿನಲ್ಲೇ ಮೊದಲು ಕುಗ್ಗಿಸಿ ಕೊಟ್ಟ ಬಟ್ಟೆ ಅಂತ ಅರ್ಥ. ಅದು ಅಷ್ಟೊಂದು ಕಾಡುವುದಿಲ್ಲ.

ಇನ್ನು ಕೌದಿ. ಮಗನಿಗೆ ಅಂತ ಶುರು ಮಾಡಿದೆ. ಬರೀ ಕಿನಾರಿನ ಅರ್ಧ ಇಂಚು ಕತ್ತರಿಸಿದರೆ ಕೆಲಸಕ್ಕೆ ಬರುವುದಿಲ್ಲ, ಅದರ ಜೊತೆ ಒಂದಿಂಚಾದರೂ ಹೂವಿನ ಬಟ್ಟೆ ಬರಬೇಕು. ಹಾಗಾಗಿ ಒಂದೂವರೆಯಿಂದ ಎರಡು ಇಂಚು ಅಗಲ. ಈಗ ಪರದೆ ಕತ್ತರಿಸುವಾಗಲೇ ಗಿರಾಕಿಗೆ ಹೇಳಿ ಅಷ್ಟು ಬಿಟ್ಟುಕೊಂಡು ಕತ್ತರಿಸುತ್ತೇನೆ. ಬ್ಲೌಸ್ ಪೀಸಿಗಿಂತ ಪರದೆಯಲ್ಲಿ ಲಾಭ, ಏಳಡಿ ಉದ್ದಕ್ಕೆ ಒಂದೇ ಪಟ್ಟಿ ಸಿಗುತ್ತದೆ.

ತಳಕ್ಕೆ ಮಾಂಜರಪಾಟ್, ಅಂದರೆ ಬಣ್ಣ ಹಾಕದ ಒರಟು ಹತ್ತಿ ಬಟ್ಟೆ. ಅದನ್ನೂ ಒಗೆದು, ಎಂಟೂವರೆ ಇಂಚಿನ ಚೌಕ ಕತ್ತರಿಸಿದೆ. ಒಂದು ಮೂಲೆಯಲ್ಲಿ ಯಾವುದೋ ತುಂಡನ್ನು ಮುಕ್ಕೋನವಾಗಿ ಇಟ್ಟೆ. ಅದರ ಹಸಿ ಅಂಚಿನ ಮೇಲೆ ಮೊದಲ ಪಟ್ಟಿಯ ಕಿನಾರನ್ನು ಕಾಲು ಇಂಚು ಹತ್ತಿಸಿ ಇಟ್ಟು, ಕಿನಾರಿನ ತುದಿಗೆ ಹತ್ತಿರವೇ ನೇರ ಒಂದು ಹೊಲಿಗೆ. ಈಗ ಈ ಪಟ್ಟಿಯ ಇನ್ನೊಂದು ಬದಿ ಹಸಿ. ಅದರ ಮೇಲೆ ಮುಂದಿನ ಪಟ್ಟಿಯ ಕಿನಾರು. ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹತ್ತಿಸುತ್ತಾ ಎದುರು ಮೂಲೆಯವರೆಗೆ ಹೋಗುವುದು. ಪಟ್ಟಿಗಳು ಓರೆಯಾಗಿ ಬರುತ್ತವೆ. ಓರೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಆದರೆ ಕೆಳಗಿನ ಮಾಂಜರಪಾಟ್ ಹಿಡಿದುಕೊಂಡಿರುತ್ತದೆ. ಮುಗಿದ ಮೇಲೆ ಇಸ್ತ್ರಿ ಒತ್ತಿ, ಬೆನ್ನಿನ ಕಡೆಯಿಂದ ಎಂಟು ಇಂಚಿಗೆ ಸರಿಮಾಡಿ ಕತ್ತರಿಸಿದೆ. ಮಷೀನಿಗೆ 16 ನಂಬರ್ ಸೂಜಿ. 14ರಲ್ಲೂ ನಡೆಯುತ್ತದೆ, ಆದರೆ ಎರಡು ಕಿನಾರು ಕೂಡುವಲ್ಲಿ ನನ್ನದು ಮೂರು ಸಲ ಮುರಿಯಿತು.

ಆ ಪಟ್ಟಿಗಳನ್ನು ಹತ್ತಿರದಿಂದ ನೋಡುವುದೇ ಒಂದು ಚಟವಾಯಿತು. ಛಾಪಿನ ಬಟ್ಟೆಯ ಕಿನಾರಿನ ಮೇಲೆ ಸಣ್ಣ ಬಣ್ಣದ ಬೊಟ್ಟುಗಳಿರುತ್ತವೆ, ಮದುಮಗಳ ಹುಬ್ಬಿನ ಮೇಲೆ ಇಟ್ಟ ಹಾಗೆ. ಒಂದೊಂದು ಬಣ್ಣದ ಅಚ್ಚಿಗೆ ಒಂದೊಂದು ಬೊಟ್ಟು. ಎಂಟು ಬೊಟ್ಟಿದ್ದರೆ ಆ ಹೂವಿನೊಳಗೆ ಎಂಟು ಬಣ್ಣ ಉಂಟು. ನನ್ನ ಕಣ್ಣಿಗೆ ಆರೇ ಕಂಡಿದ್ದ ಒಂದು ಗುಲಾಬಿಯಲ್ಲಿ, ಬೊಟ್ಟು ಎಣಿಸಿದ ಮೇಲೆ ಇನ್ನೆರಡು ಹಸಿರು ಹುಡುಕಿ ಸಿಕ್ಕವು. ಆ ಸೂಜಿ ತೂತುಗಳು ಸ್ಟೆಂಟರ್ ಮಷೀನಿನವು. ಬಣ್ಣ ಹಾಕಿದ ಬಟ್ಟೆಯನ್ನು ಎರಡೂ ಬದಿಗೆ ಮುಳ್ಳಿನಿಂದ ಹಿಡಿದು, ಎಳೆದು, ಬಿಸಿಗಾಳಿಯಲ್ಲಿ ಒಣಗಿಸಿ ಪನ್ನಾ, ಅಂದರೆ ಅಗಲ, ಸರಿಮಾಡುತ್ತಾರೆ. ಕಾಕಾ ಹೇಳದಿದ್ದರೆ ನಾನು ಅದನ್ನು ಹುಳ ತಿಂದದ್ದು ಅಂತಲೇ ತಿಳಿದಿರುತ್ತಿದ್ದೆ.

ಸಾಲಿಗೆ ಆರು, ಉದ್ದಕ್ಕೆ ಎಂಟು, ಒಟ್ಟು 48 ಚೌಕ. ಕೂಡಿಸಿದ ಮೇಲೆ 45 ಇಂಚು ಅಗಲ, 60 ಇಂಚು ಉದ್ದ. ಒಂದು ಚೌಕಕ್ಕೆ ಹೆಚ್ಚುಕಡಿಮೆ ಎರಡು ಮೀಟರ್ ಪಟ್ಟಿ ಹೋಯಿತು. ಲೆಕ್ಕ ಹಾಕಿ, ತೊಂಬತ್ತು ಮೀಟರ್ ಮೇಲೆ! ಅಷ್ಟೊಂದು ಉದ್ದವನ್ನು ಮಂಚದ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆವು ಅಂತ ನನ್ನ ಯಜಮಾನರಿಗೆ ನಂಬಿಕೆಯೇ ಬರಲಿಲ್ಲ.

ಇಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ಆಗ ಬಾಯಿ ಬಿಟ್ಟರು. ‘ಹೊಸಾ ಅರಿವ್ಯಾಗ ಯಾರರ ಕೌದಿ ಹೊಲಿತಾರೇನ? ಮೈಗೆ ಚುಚ್ಚತೈತಿ.’ ಅತ್ತೆ ಊರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೌದಿ ಹೊಲಿದವರು. ಕೌದಿಗೆ ಮೆತ್ತಗಾಗುವವರೆಗೆ ಉಟ್ಟ ಸೀರೆಯೇ ಬೇಕು ಅನ್ನುವುದು ಅವರ ಕಾಯಿದೆ. ನನಗೆ ಸಿಟ್ಟು ಬಂತು, ಆದರೆ ಅವರ ಮಾತು ಸುಳ್ಳಲ್ಲ. ಮೇಲ್ಪದರ ಮುಟ್ಟಿದರೆ ಚಾಪೆಯ ಹಾಗಿತ್ತು. ಒಳಗೆ ಹತ್ತಿ ಹಾಳೆ ಹಾಕುವ ವಿಚಾರ ಬಿಟ್ಟೆ. ಮುಂಬಯಿ ಸೆಕೆಗೆ ಅದು ಬೇಕಾಗಿಯೂ ಇಲ್ಲ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಅತ್ತೆಯ ಹಳೇ ಒಂಬತ್ತುವಾರಿ ಇಲಕಲ್ ಸೀರೆಯನ್ನೇ ಕೇಳಿದೆ. ಬೈಯುತ್ತಲೇ ಟ್ರಂಕಿನಿಂದ ತೆಗೆದುಕೊಟ್ಟರು. ಅದನ್ನು ಕತ್ತರಿಸಿ ಎರಡು ಪದರ ಒಳಗೆ, ಒಂದು ಪದರ ಬೆನ್ನಿಗೆ ಹಾಕಿದೆ. ಮೈಗೆ ತಾಗುವುದು ಆ ಸೀರೆ, ಕಣ್ಣಿಗೆ ಕಾಣುವುದು ಕಿನಾರು. ಅತ್ತೆ ಕೈ ಆಡಿಸಿ ನೋಡಿದರು, ಏನೂ ಅನ್ನಲಿಲ್ಲ. ನಮ್ಮನೆಯಲ್ಲಿ ಅದೇ ಒಪ್ಪಿಗೆ.

ಪದರಗಳನ್ನು ನೆಲಕ್ಕೆ ಹಾಸಿ ಉದ್ದ ಟಾಕಿ ಹಾಕಿಕೊಂಡು, ಕೈಹೊಲಿಗೆ ಶುರು. ಕೌದಿಯ ಓಟದ ಹೊಲಿಗೆ ಬೆರಳಗಲಕ್ಕೆ ಒಂದು ಸಾಲು ಇರಬೇಕು. ಆದರೆ ಕಿನಾರಿನ ಮೇಲೆ ಸೂಜಿ ಇಳಿಯುವುದೇ ಇಲ್ಲ. ಅಂಗುಸ್ತಾನ ಹಾಕಿಕೊಂಡರೂ ಮೊದಲ ದಿನ ಬೆರಳು ಊದಿತು. ಕೊನೆಗೆ ಅತ್ತೆಯೇ ದಾರಿ ತೋರಿಸಿದರು. ಪಟ್ಟಿಯ ಗಟ್ಟಿ ಭಾಗ ಬಿಟ್ಟು, ಎರಡು ಕಿನಾರಿನ ನಡುವಿನ ಮೆತ್ತನೆ ಹೂವಿನ ಭಾಗದಲ್ಲಷ್ಟೇ ಹೊಲಿಗೆ ಓಡಿಸು ಅಂತ. ಸಾಲುಗಳು ತಾವಾಗಿಯೇ ಓರೆಯಾಗಿ ಬಂದವು, ನೋಡಲೂ ಚೆಂದ. ಹಾಗೂ ಎರಡು ತಿಂಗಳು ಹಿಡಿಯಿತು. ಮಷೀನಲ್ಲಿ ಹೊಲಿದರೆ ಎರಡು ದಿನದ ಕೆಲಸ, ಮಾಡುವವರು ಮಾಡಲಿ, ತಪ್ಪೇನಿಲ್ಲ. ನನಗೆ ಮಾತ್ರ ಕೈಹೊಲಿಗೆಯ ಸುಕ್ಕು ಇಲ್ಲದ ಕೌದಿ ಚಾದರದ ಹಾಗೆ ಕಾಣುತ್ತದೆ.

ಉಳಿದ ಚಿಕ್ಕಪುಟ್ಟ ಪಟ್ಟಿಗಳಿಂದ ಲೋಕಲ್ ಪಾಸ್ ಇಡುವ ಪಾಕೀಟು, ಕನ್ನಡಕದ ಚೀಲ ಮಾಡಿದೆ. ಪಾಕೀಟಿನ ಬಾಯಿಗೆ ಕಿನಾರು ಬರುವ ಹಾಗೆ ಇಟ್ಟರೆ ಮಡಚುವ ಕೆಲಸ ತಪ್ಪುತ್ತದೆ. ಅರ್ಧ ಇಂಚಿನ ಸಪೂರ ಕಿನಾರುಗಳು ಲಾಡಿಗೆ ಒಳ್ಳೆಯವು, ಹಿಗ್ಗುವುದಿಲ್ಲ. ಮೂರು ಮೂರು ಸೇರಿಸಿ ಜಡೆ ಹೆಣೆದು, ಚಕ್ಕುಲಿಯ ಹಾಗೆ ಸುತ್ತಿ ಹೊಲಿದರೆ ಬಿಸಿ ಪಾತ್ರೆಯ ಕೆಳಗೆ ಇಡಬಹುದು. ಹತ್ತಿಯದ್ದಾದರೆ ಮಾತ್ರ, ಮತ್ತೆ ಹೇಳುತ್ತಿದ್ದೇನೆ. ಕೋಟು ಪ್ಯಾಂಟಿನ ಬಟ್ಟೆಯ ಕಿನಾರಿನಲ್ಲಿ ಕಂಪನಿ ಹೆಸರು ದೊಡ್ಡದಾಗಿ ಬರೆದಿರುತ್ತದೆ. ಅದನ್ನು ಚೀಲದ ಹಿಡಿಗೆ ಹಾಕಿದೆ. ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇಬ್ಬರು ಅದನ್ನು ನೋಡಿ ಎಲ್ಲಿ ಕೊಂಡಿರಿ ಅಂತ ಕೇಳಿದರು. ಒಬ್ಬರಿಗೆ ಹೊಲಿದುಕೊಟ್ಟೆ. ಇನ್ನೊಬ್ಬರು ರೇಟು ಕೇಳಿ ಠಾಣೆಯಲ್ಲಿ ಇಳಿದುಹೋದರು.

ಕೌದಿಯ ಕೊನೆಯ ಮೂಲೆ ಉಳಿದಿತ್ತು. ಅತ್ತೆ ಒಳಗಿನಿಂದ ಒಂದು ಚೂರು ಹೋಳಿಗೆ ತಂದು ನಿಂತರು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಮುಚ್ಚುವ ಮೊದಲು ಅದಕ್ಕೆ ಉಣ್ಣಿಸಬೇಕು ಅನ್ನುವುದು ಅವರ ಪದ್ಧತಿ.

‘ಅತ್ತಿ, ಇರಿವಿ ಮುತ್ತತಾವ್ರಿ’ ಅಂದೆ. ನಾಲ್ಕನೇ ಮಹಡಿಯಾದರೇನು, ಇರುವೆಗೆ ಲಿಫ್ಟ್ ಬೇಕಾಗಿಲ್ಲ.

‘ಉಪಾಸ ಇಡತೀ ಏನ ಹಂಗಾರ?’

ಕೊನೆಗೆ ಐದು ಕಾಳು ಜೋಳಕ್ಕೆ ಒಪ್ಪಂದವಾಯಿತು. ಡಬ್ಬಿಯಿಂದ ಅವರೇ ಆರಿಸಿ ತಂದು ಮೂಲೆಯೊಳಗೆ ಹಾಕಿದರು. ನಾನು ಹೊಲಿದು ಗಂಟು ಹಾಕಿದೆ. ಮಗ ಈಗ ರಾತ್ರಿ ನಿದ್ದೆ ಬರುವವರೆಗೆ ಆ ಮೂಲೆ ಹಿಡಿದು ಕಾಳು ಎಣಿಸುತ್ತಾನೆ. ಎಷ್ಟು ಸಲ ಎಣಿಸಿದರೂ ಅವನಿಗೆ ನಾಲ್ಕೇ ಸಿಗುತ್ತವಂತೆ.