ಪಠ್ಯಪುಸ್ತಕ ಕೊಳ್ಳುವ ಮೊದಲು ಇದನ್ನು ನೋಡಿ

ಕಾರವಾರ, ಕುಮಟಾ, ಶಿರಸಿಯ ಬಿ.ಎಸ್ಸಿ. ಮಕ್ಕಳೇ, ದುಬಾರಿ ಇಂಗ್ಲಿಷ್ ಪುಸ್ತಕಕ್ಕೆ ದುಡ್ಡು ಸುರಿಯುವ ಮೊದಲು ಓಪನ್‌ಸ್ಟ್ಯಾಕ್ಸ್ ನೋಡಿ. ಅದು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಪಠ್ಯಪುಸ್ತಕ ಜಾಲತಾಣ. ಪಿಡಿಎಫ್ ಪೂರ್ತಿ ಉಚಿತ. ಕ್ಯಾಲ್ಕುಲಸ್ 3 ಸಂಪುಟಗಳಲ್ಲಿದೆ: ಲಿಮಿಟ್, ಡೆರಿವೇಟಿವ್ ಮೊದಲನೆಯದರಲ್ಲಿ, ಬಹುಚರ ಕಲನ ಮೂರನೆಯದರಲ್ಲಿ. ಅದು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಿಲೆಬಸ್ ನೋಡಿ ಬರೆದದ್ದಲ್ಲ, ಹಾಗಾಗಿ ಸಿಲೆಬಸ್ಸಿನ ಘಟಕಗಳನ್ನು ಎದುರಿಟ್ಟುಕೊಂಡು ಬೇಕಾದ ಅಧ್ಯಾಯ ಮಾತ್ರ ಗುರುತು ಹಾಕಿ.

ಪ್ರಿಂಟ್ ಹಾಕಿಸುವಾಗ ಎಡವುವುದು ಪುಟಸಂಖ್ಯೆಯಲ್ಲಿ. ಮುನ್ನುಡಿ, ಪರಿವಿಡಿ ಸೇರುವುದರಿಂದ ಪುಟದ ಮೇಲಿನ ಅಂಕಿಗೂ ಪಿಡಿಎಫ್ ಅಂಕಿಗೂ ತಾಳೆಯಾಗುವುದಿಲ್ಲ. ಅಂಗಡಿಯವರಿಗೆ ಪಿಡಿಎಫ್ ಅಂಕಿಯನ್ನೇ ಹೇಳಿ. ಎರಡೂ ಬದಿ, ಕಪ್ಪುಬಿಳುಪು: 90 ಪುಟಕ್ಕೆ 45 ಹಾಳೆ. ಒಂದೇ ಬದಿಗೆ ಎರಡು ಪುಟ ತುರುಕಿದರೆ ಹಾಳೆ ಉಳಿದೀತು, ಆದರೆ ಘಾತಾಂಕಗಳು ಇರುವೆಯಷ್ಟಾಗುತ್ತವೆ. ಗಣಿತಕ್ಕೆ ಬೇಡವೇ ಬೇಡ. ನಮ್ಮ ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆಯ ಸ್ಪೈರಲ್ ಬೈಂಡಿಂಗೇ ಸೈ.